ಮದುವೆ ಮನೆಯಲ್ಲಿ ಕ್ಯಾಮೆರಾ: ಹೊಸಬರಿಗೆ ಮೊದಲ ಪಾಠ

ಮದುವೆ ಫೋಟೋ ತೆಗೆಯುವುದನ್ನು ಕಲಿಯಬೇಕೆಂದು ಬರುವವರು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಲಿ ಅಂತ. ಅದನ್ನು ಆಮೇಲೆ ನೋಡೋಣ ಎಂದು ನಾನು ಅವರ ಕೈಗೊಂದು ಹಳೆಯ ಲಗ್ನಪತ್ರಿಕೆ ಕೊಡುತ್ತೇನೆ. ಇದರಲ್ಲಿ ನಿಮ್ಮ ಕೆಲಸಕ್ಕೆ ಬೇಕಾದ್ದೇನಿದೆ, ಓದಿ ಹೇಳಿ. ಹೆಚ್ಚಿನವರು ತಾರೀಕು, ಛತ್ರದ ವಿಳಾಸ ಹೇಳಿ ಪತ್ರಿಕೆ ಮಡಚಿಬಿಡುತ್ತಾರೆ. ನಡುವಿನ ಸಾಲು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ: ಬೆಳಿಗ್ಗೆ 9.15ರಿಂದ 10ರವರೆಗೆ ಸಲ್ಲುವ ಶುಭ ಮಿಥುನ ಲಗ್ನದಲ್ಲಿ.

ನಿಮ್ಮ ಇಡೀ ದಿನ ಆ ಒಂದು ಸಾಲಿನಲ್ಲಿದೆ. ಹನ್ನೆರಡು ರಾಶಿಗಳೂ ಒಂದು ಹಗಲು ಒಂದು ರಾತ್ರಿಯೊಳಗೆ ಮೂಡಣದಲ್ಲಿ ಮೂಡಿ ಬರಬೇಕಾದ್ದರಿಂದ ಒಂದೊಂದು ಲಗ್ನಕ್ಕೆ ಸುಮಾರು ಎರಡು ಗಂಟೆ. ಅದರಲ್ಲಿ ಒಳ್ಳೆಯದೆಂದು ಪುರೋಹಿತರು ಆರಿಸಿಕೊಟ್ಟ ತುಂಡು ಮುಕ್ಕಾಲು ಗಂಟೆ. ಛತ್ರದಲ್ಲಿ ಕರೆಂಟು ಹೋಗಲಿ, ಸೋದರಮಾವನ ಕಾರು ಮೈಸೂರು ರಸ್ತೆಯಲ್ಲಿ ಸಿಕ್ಕಿಕೊಳ್ಳಲಿ, ತಾಳಿ ಕಟ್ಟುವುದು ಆ ತುಂಡಿನೊಳಗೇ. ಹಾಗಾಗಿ ಅಲ್ಲಿಂದ ಹಿಂದಕ್ಕೆ ಎಣಿಸಿಕೊಳ್ಳಿ. ಧಾರೆ ಅದಕ್ಕೂ ಮುಂಚೆ, ವರಪೂಜೆ ಇನ್ನೂ ಮುಂಚೆ, ಕಾಶಿಯಾತ್ರೆ ಅದಕ್ಕೂ ಮೊದಲು, ಮದುಮಗಳ ಅಲಂಕಾರ ಸೂರ್ಯ ಹುಟ್ಟುವ ಹೊತ್ತಿಗೆ. ನೀವು ಛತ್ರದ ಬಾಗಿಲಲ್ಲಿ ಇರಬೇಕಾದದ್ದು ಐದೂವರೆಗೆ. ಹಿಂದಿನ ಸಂಜೆಯೇ ಆರತಕ್ಷತೆ ಎಂದು ಪತ್ರಿಕೆಯಲ್ಲಿದ್ದರೆ, ನಮ್ಮ ಹಳೆ ಮೈಸೂರು ಕಡೆ ಹಾಗೇ ಹೆಚ್ಚು, ರಾತ್ರಿ ಹನ್ನೊಂದರವರೆಗೆ ನಿಂತ ಕಾಲಿನಲ್ಲೇ ಬೆಳಿಗ್ಗೆ ಐದೂವರೆಗೆ ಹಾಜರಾಗಬೇಕು. ಈ ಕೆಲಸಕ್ಕೆ ಮೊದಲು ಬೇಕಾದ್ದು ಕಾಲು, ಆಮೇಲೆ ಕಣ್ಣು. ಕ್ಯಾಮೆರಾ ಮೂರನೆಯದು.

ನಾನಿರುವುದು ಅಕ್ಕಿಪೇಟೆಯಲ್ಲಿ. ಮದುವೆ ಫೋಟೋ ಕಲಿಯುವವರಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂಬುದು ನನ್ನ ಪಕ್ಷಪಾತ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿನ ಹಳೆಯ ಪೇಟೆಗಳು ಇಲ್ಲಿ ಒಂದರ ಮೈಗೊಂದು ತಾಗಿಕೊಂಡಿವೆ, ಮದುವೆಗೆ ಬೇಕಾದ್ದೆಲ್ಲ ಕಾಲ್ನಡಿಗೆಯ ದೂರದಲ್ಲಿ ತಯಾರಾಗುತ್ತದೆ. ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ, ರೇಷ್ಮೆ ಸೀರೆಗೆ ಚಿಕ್ಕಪೇಟೆ, ವಾದ್ಯಗಳಿಗೆ ಬಳೇಪೇಟೆ, ಚಿನ್ನಕ್ಕೆ ನಗರ್ತಪೇಟೆ, ಹೂವಿಗೆ ಕೃಷ್ಣರಾಜ ಮಾರುಕಟ್ಟೆ. ಚಿಕ್ಕಪೇಟೆಯ ಮೆಟ್ರೋ ನಿಲ್ದಾಣದಲ್ಲಿ ಇಳಿದು ಒಂದು ಬೆಳಿಗ್ಗೆ ಇಷ್ಟನ್ನೂ ಸುತ್ತಬಹುದು. ಹೊಸಬರಿಗೆ ನಾನು ಕೊಡುವ ಮೊದಲ ಕೆಲಸವೂ ಇದೇ. ಹೂವಿನ ಮಾರುಕಟ್ಟೆಗೆ ನಸುಕಿನಲ್ಲೇ ಹೋಗಿ, ಯಾರ ಮುಖವೂ ಇಲ್ಲದ ಫೋಟೋಗಳನ್ನು ತನ್ನಿ. ಹೂ ಕಟ್ಟುವ ಬೆರಳು, ಮಾರು ಹಾಕುವ ತೋಳು, ಹಾರ ಸುರುಳಿ ಸುತ್ತುವ ಅಂಗೈ, ಇವು ಮಾತ್ರ. ಅನುಮತಿ ಕೇಳಿ ತೆಗೆಯಿರಿ. ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ ಅಡ್ಡ ನಿಂತರೆ ಬೈಗುಳ ತಿನ್ನುತ್ತೀರಿ, ಅದೂ ಒಂದು ಪಾಠವೇ.

ಕೈಯೇ ಏಕೆ ಎಂದರೆ, ನಮ್ಮ ಮದುವೆ ನಡೆಯುವುದು ಕೈಗಳಲ್ಲಿ. ಮುಖಗಳು ಅಲ್ಲಿ ಸಾಕ್ಷಿಗೆ ಮಾತ್ರ. ಸಿನಿಮಾ ನೋಡಿ ಬಂದ ಹುಡುಗರು ಮದುಮಗಳ ಕಣ್ಣೀರಿಗೆ, ಮದುಮಗನ ನಗೆಗೆ ಕಾಯುತ್ತಾರೆ. ಕಾಯಿರಿ, ತಪ್ಪಿಲ್ಲ. ಆದರೆ ಧಾರೆಯ ಹೊತ್ತಿನಲ್ಲಿ ಮುಖಕ್ಕೆ ಫೋಕಸ್ ಇಟ್ಟುಕೊಂಡವರಿಗೆ ಧಾರೆ ತಪ್ಪಿಹೋಗುತ್ತದೆ. ಕೆಳಗೆ ಅಳಿಯನ ಕೈ, ಅದರ ಮೇಲೆ ಮಗಳ ಕೈ, ಜೊತೆಗೆ ತಂದೆಯ ಕೈ, ನಡುವೆ ತೆಂಗಿನಕಾಯಿ. ತಾಯಿ ಗಿಂಡಿಯಿಂದ ನೀರೆರೆಯುತ್ತಾಳೆ. ನೀರಿನ ಎಳೆ ಹರಿದು ಕೆಳಗಿನ ತಟ್ಟೆಗೆ ಬೀಳುವುದು ಕೆಲವೇ ಕ್ಷಣ. ಆ ಮನೆಯ ಮಗಳು ಇನ್ನೊಂದು ಮನೆಗೆ ಹೋದದ್ದು ಆ ಎಳೆಯಲ್ಲಿ. ತಂದೆಯ ಬೆರಳು ಸ್ವಲ್ಪ ನಡುಗುತ್ತಿದ್ದರೆ ಅದು ಫೋಟೋದಲ್ಲಿ ಬರುತ್ತದೆ. ಮುಖದಲ್ಲಿ ಅವರು ಅದನ್ನು ಬಚ್ಚಿಟ್ಟಿರುತ್ತಾರೆ.

ಒಕ್ಕಲಿಗರ ಮದುವೆಗಳಲ್ಲಿ ಧಾರೆ ಇಷ್ಟು ಬೇಗ ಮುಗಿಯುವುದಿಲ್ಲ. ಹಸೆಯ ಮೇಲೆ ನಿಂತ ಗಂಡು ಹೆಣ್ಣಿನ ಜೋಡಿಸಿದ ಕೈಗೆ ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಹಾಲೆರೆಯುತ್ತಾರೆ. ಸಾಲು ಮುಗಿಯುವಷ್ಟರಲ್ಲಿ ಫೋಟೋಗ್ರಾಫರ್‌ಗೆ ಬೇಸರ ಬಂದು ಫೋನು ನೋಡುತ್ತಿರುತ್ತಾನೆ. ಅಲ್ಲೇ ಎಡವುವುದು. ಒಬ್ಬೊಬ್ಬರು ಎರೆಯುವ ರೀತಿ ಬೇರೆ. ಗಡಿಬಿಡಿಯ ಚಿಕ್ಕಪ್ಪ ಒಮ್ಮೆಲೇ ಸುರಿಯುತ್ತಾರೆ, ಎರಡು ಕೈಯಲ್ಲೂ ಚೊಂಬು ಹಿಡಿಯಲಾಗದ ಅಜ್ಜಿಗೆ ಮೊಮ್ಮಗ ಆಸರೆ ಕೊಡುತ್ತಾನೆ, ಮೊದಲ ಬಾರಿ ಎರೆಯುವ ಎಂಟು ವರ್ಷದ ಹುಡುಗಿ ನಾಲಿಗೆ ಕಚ್ಚಿಕೊಂಡು ಎರೆಯುತ್ತಾಳೆ. ಬದಿಯಿಂದ, ಕೈಗಳ ಮಟ್ಟಕ್ಕೆ ಬಾಗಿ ತೆಗೆಯಿರಿ. ಮೇಲಿನಿಂದ ತೆಗೆದರೆ ಹಾಲು ಕಾಣುವುದಿಲ್ಲ, ಬಿಳಿ ಮಚ್ಚೆ ಕಾಣುತ್ತದೆ.

ಇನ್ನು ಅಕ್ಕಿ. ನಮ್ಮ ಮದುವೆಯಲ್ಲಿ ಅಕ್ಕಿ ಎಲ್ಲೆಲ್ಲಿ ಬರುತ್ತದೆ ಎಂದು ಒಂದು ಪಟ್ಟಿ ಬರೆದುಕೊಂಡರೆ ನಿಮ್ಮ ಕೆಲಸದ ಅರ್ಧ ಪಟ್ಟಿ ಸಿದ್ಧವಾದಂತೆ. ಮುಹೂರ್ತಕ್ಕೆ ಎರಚುವ ಅಕ್ಷತೆ ಅಕ್ಕಿ. ಹಿರಿಯರು ಮೊಣಕಾಲು, ಭುಜ, ತಲೆಗೆ ಮುಟ್ಟಿಸಿ ಇಡುವ ಸೇಸೆ ಅಕ್ಕಿ. ಸಪ್ತಪದಿಯಲ್ಲಿ ಹುಡುಗಿ ಬಲಗಾಲಿಡುವ ಏಳು ಗುಪ್ಪೆಗಳು ಅಕ್ಕಿಯವು. ಲಾಜಹೋಮದಲ್ಲಿ ಅಣ್ಣನೋ ತಮ್ಮನೋ ಅವಳ ಬೊಗಸೆಗೆ ಸುರಿಯುವ ಅರಳು ಭತ್ತ ಹುರಿದದ್ದು. ಹೊರಡುವಾಗ ತವರಿನವರು ತುಂಬುವುದು ಮಡಿಲಕ್ಕಿ. ಗಂಡನ ಮನೆಯ ಹೊಸಿಲಲ್ಲಿ ಬಲಗಾಲಿನಿಂದ ಅವಳು ಒಳಕ್ಕೆ ತಳ್ಳುವುದು ಅಕ್ಕಿ ತುಂಬಿದ ಸೇರು. ಇವುಗಳಲ್ಲಿ ಫೋಟೋದ ದೃಷ್ಟಿಯಿಂದ ಅತಿ ಕಷ್ಟದ್ದು ಅಕ್ಷತೆ, ಅತಿ ಸುಲಭದ್ದು ಮಡಿಲಕ್ಕಿ, ಎಲ್ಲರೂ ಮರೆಯುವುದು ಸೇಸೆ.

ಅಕ್ಷತೆಯ ವಿಷಯ ಬಿಡಿಸಿ ಹೇಳಬೇಕು. ಮುಹೂರ್ತದ ಹೊತ್ತಿಗೆ ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿದಿರುತ್ತಾರೆ. ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ ಮೆತ್ತಿದ ವೀಳ್ಯದೆಲೆ. ಮಂಗಳಾಷ್ಟಕ ನಡೆಯುತ್ತಿರುತ್ತದೆ, ಒಂದೊಂದು ಶ್ಲೋಕ ಮುಗಿದಾಗಲೂ ಪುರೋಹಿತರು ಸಾವಧಾನ ಎನ್ನುತ್ತಾರೆ. ಆ ಮಾತು ನಿಮಗೂ ಸೇರಿಸಿ ಹೇಳಿದ್ದೆಂದುಕೊಳ್ಳಿ. ಕೊನೆಯದು ಮುಗಿದ ಕೂಡಲೇ ಪಟ ಸರಿಯುತ್ತದೆ, ಇಬ್ಬರ ಕೈಗಳೂ ಪರಸ್ಪರ ತಲೆಗೆ ಹಾರುತ್ತವೆ, ಇಡೀ ಛತ್ರದ ಅಕ್ಷತೆ ಗಾಳಿಯಲ್ಲಿರುತ್ತದೆ. ಮೂರೂ ಒಂದೇ ಉಸಿರಿನಲ್ಲಿ. ಸಾವಿರ ರೂಪಾಯಿಯ ಕ್ಯಾಮೆರಾ ಇದ್ದರೂ ಐದು ಲಕ್ಷದ್ದು ಇದ್ದರೂ ಎದುರಿನಿಂದ ತೆಗೆದರೆ ಪಟ ಹಿಡಿದವರ ಬೆನ್ನು ಬರುತ್ತದೆ. ನಿಲ್ಲಬೇಕಾದ್ದು ಪಟದ ಅಂಚಿಗೆ, ಎರಡು ಮುಖಗಳೂ ಪಕ್ಕದಿಂದ ಕಾಣುವಲ್ಲಿ, ಒಂದು ಗಟ್ಟಿ ಸ್ಟೂಲಿನ ಮೇಲೆ. ಆ ಜಾಗವನ್ನು ಅರ್ಧ ಗಂಟೆ ಮುಂಚೆಯೇ ಹಿಡಿಯಬೇಕು, ಏಕೆಂದರೆ ವಿಡಿಯೋದವರಿಗೂ ಅದೇ ಜಾಗ ಬೇಕು. ಜಗಳವಾಡದೆ ಮೊದಲೇ ಮಾತಾಡಿಕೊಳ್ಳಿ.

ಗಾಳಿಯಲ್ಲಿರುವ ಅಕ್ಕಿಕಾಳು ಕಾಳಾಗಿಯೇ ಬರಬೇಕಾದರೆ ಷಟರ್ ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ನಿಧಾನ ಇರಬಾರದು. ಇಲ್ಲಿ ಒಂದು ತೊಡಕಿದೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಗೆ ತಿಳಿಯುತ್ತದೆ. ಷಟರ್ ವೇಗ ಹೆಚ್ಚಿಸಿದರೆ ಒಂದು ಫೋಟೋ ಬೆಳಗಿ, ಮುಂದಿನದು ಮಂಕಾಗಿ, ಮತ್ತೊಂದರಲ್ಲಿ ಅಡ್ಡ ಪಟ್ಟೆಗಳು ಬರುತ್ತವೆ. ಆ ದೀಪಗಳ ಕೆಳಗೆ ನೂರನೇ ಒಂದು ಭಾಗವೋ ಐವತ್ತನೇ ಒಂದು ಭಾಗವೋ ಕ್ಷೇಮ, ಆದರೆ ಆಗ ಅಕ್ಕಿ ಎಳೆಯಾಗುತ್ತದೆ. ಬಿಡಿಸಿಕೊಳ್ಳುವ ದಾರಿ ಫ್ಲ್ಯಾಶ್. ಫ್ಲ್ಯಾಶ್ ಬೆಳಕು ಅರ್ಧಕ್ಕಿಂತ ಕಡಿಮೆ ಶಕ್ತಿಯಲ್ಲಿ ಸೆಕೆಂಡಿನ ಸಾವಿರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಮಾತ್ರ ಹೊಳೆಯುವುದರಿಂದ, ಮುಖ್ಯ ಬೆಳಕು ಅದೇ ಆಗಿದ್ದರೆ ಷಟರ್ ನಿಧಾನ ಇದ್ದರೂ ಕಾಳು ನಿಲ್ಲುತ್ತದೆ. ಫ್ಲ್ಯಾಶನ್ನು ಮುಖಕ್ಕೆ ನೇರ ಬಿಡಬೇಡಿ, ಚಾವಣಿಗೋ ಗೋಡೆಗೋ ಬಡಿಸಿ ತನ್ನಿ. ಬಡಿಸುವ ಮುಂಚೆ ಗೋಡೆಯ ಬಣ್ಣ ನೋಡಿಕೊಳ್ಳಿ. ಚಾಮರಾಜಪೇಟೆ, ಬಸವನಗುಡಿಯ ಹಳೆಯ ಛತ್ರಗಳಲ್ಲಿ ತಿಳಿಹಸಿರು ಡಿಸ್ಟೆಂಪರ್ ಸಾಮಾನ್ಯ. ಅದಕ್ಕೆ ಬಡಿಸಿದರೆ ಮದುಮಗಳು ಕಾಮಾಲೆ ಹಿಡಿದವಳಂತೆ ಕಾಣುತ್ತಾಳೆ.

ಬಣ್ಣದ ಮಾತು ಬಂದದ್ದರಿಂದ ಇದೂ ಇರಲಿ. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿದ್ದರೆ ಅದರಡಿಯ ಬೆಳಕಿಗೆ ಹಸಿರು ಇರುತ್ತದೆ, ಕೆಂಪು ಶಾಮಿಯಾನದಡಿ ಎಲ್ಲ ಕೆಂಪು. ಕ್ಯಾಮೆರಾದ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಇದನ್ನು ಸರಿಮಾಡಲು ಹೋಗಿ ಅರಿಶಿನ ಶಾಸ್ತ್ರದ ಅರಿಶಿನವನ್ನೇ ತೊಳೆದುಬಿಡುತ್ತದೆ. ಹಗಲಿಗೆ 5500 ಕೆಲ್ವಿನ್, ಹಳದಿ ಬಲ್ಬಿಗೆ 3000ದ ಆಸುಪಾಸು ಎಂದು ನೀವೇ ಇಟ್ಟುಕೊಳ್ಳಿ, ರಾ ಫೈಲಿನಲ್ಲಿ ತೆಗೆಯಿರಿ. ಜರಿ, ಚಿನ್ನ, ಬಾಸಿಂಗ ಹೊಳೆದು ಸುಟ್ಟುಹೋಗದಂತೆ ಎಕ್ಸ್‌ಪೋಶರ್ ತುಸು ಇಳಿಸಿ. ಹೋಮದ ಹೊಗೆ ಎದ್ದಾಗ ಫ್ಲ್ಯಾಶ್ ಆರಿಸಿಬಿಡಿ. ಎದುರಿನ ಬೆಳಕು ಹೊಗೆಗೆ ತಾಗಿ ಬಿಳಿ ಪರದೆ ಎಳೆದಂತಾಗುತ್ತದೆ. ಪಕ್ಕದ ಕಿಟಕಿಯ ಬೆಳಕಿನಲ್ಲಿ ಅದೇ ಹೊಗೆಗೆ ಆಕಾರ ಬರುತ್ತದೆ. ಕ್ಯಾಮೆರಾ ಯಾವುದಾದರೂ ಆಗಲಿ, ಎರಡು ಕಾರ್ಡು ಹಾಕಲು ಜಾಗವಿರಲಿ. 35 ಮಿಲಿಮೀಟರಿನ ಒಂದು ಲೆನ್ಸು, 85ರ ಇನ್ನೊಂದು ಸಾಕು. ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

ಅಕ್ಷತೆ ಕಣ್ಣಿನ ಪರೀಕ್ಷೆಯಾದರೆ ತಾಳಿ ಕಟ್ಟುವುದು ಕಿವಿಯ ಪರೀಕ್ಷೆ. ಅದಕ್ಕೆ ಮುಂಚೆ ತೆಂಗಿನಕಾಯಿಯ ಮೇಲಿಟ್ಟ ಮಾಂಗಲ್ಯದ ತಟ್ಟೆ ಸಭೆಯಲ್ಲಿ ಸುತ್ತಿ ಬರುತ್ತದೆ, ಹಿರಿಯರು ಮುಟ್ಟಿ ಹರಸುತ್ತಾರೆ. ಆ ತಟ್ಟೆಯ ಹಿಂದೆ ಒಂದು ಸುತ್ತು ಹೋಗಿ ಬನ್ನಿ. ನೂರಾರು ಕೈ ಮುಟ್ಟಿದ ತಾಳಿಯ ಕತೆ ಅದರಲ್ಲಿದೆ. ಆಮೇಲೆ ಯಾರೋ ಗಟ್ಟಿಮೇಳ ಎಂದು ಕೂಗುತ್ತಾರೆ, ಓಲಗದವರು ನಾಗಸ್ವರ ಡೋಲು ಒಟ್ಟಿಗೆ ಏರಿಸುತ್ತಾರೆ. ಅಪಶಕುನದ ಸೀನೋ ಮಾತೋ ಆ ಹೊತ್ತಿನಲ್ಲಿ ಕಿವಿಗೆ ಬೀಳದಿರಲಿ ಎಂದು ಈ ಏರ್ಪಾಟು. ನಿಮಗೆ ಅದು ಗಡಿಯಾರ. ಡೋಲಿನ ನಡೆ ಬದಲಾದದ್ದು ಕೇಳಿದರೆ ಬೆರಳು ಬಟನ್ನಿನ ಮೇಲಿರಲಿ. ಗಂಡಿನ ಕೈಗಳು ಹೆಣ್ಣಿನ ಕುತ್ತಿಗೆಯ ಹಿಂದೆ ಮರೆಯಾಗುತ್ತವೆ, ಮೂರು ಗಂಟು ಬೀಳುವುದು ಅಲ್ಲಿ. ಎದುರಿನಿಂದ ಮುಖಗಳು ಒಬ್ಬರಿಗೆ ವಹಿಸಿ, ಇನ್ನೊಬ್ಬರು ಹೆಣ್ಣಿನ ಹಿಂಬದಿಯಲ್ಲಿ ಓರೆಯಾಗಿ ನಿಂತು ಬೆರಳುಗಳನ್ನು ಹಿಡಿಯಬೇಕು. ಒಬ್ಬರೇ ಇದ್ದರೆ? ನಾನಾದರೆ ಬೆರಳಿನ ಕಡೆ ನಿಲ್ಲುತ್ತೇನೆ. ಮುಖಗಳು ದಿನವಿಡೀ ಸಿಗುತ್ತವೆ.

ಸಪ್ತಪದಿಗೆ ನೆಲಕ್ಕೆ ಇಳಿಯಬೇಕು, ಅಕ್ಷರಶಃ. ಗುಪ್ಪೆಗಳ ಸಾಲಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹೆಜ್ಜೆ ಎಣಿಸಿ. ಏಳನೆಯದು ತಪ್ಪಬಾರದು. ಇದು ಭಾವುಕತೆಯ ಮಾತಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ, ಆ ಕುಟುಂಬದ ಶಾಸ್ತ್ರದಲ್ಲಿ ಸಪ್ತಪದಿ ಸೇರಿದ್ದರೆ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಶಾಸ್ತ್ರವೇ ನಡೆಯದೆ ಬರೀ ಪ್ರಮಾಣಪತ್ರ ಪಡೆದರೆ ಅದು ಹಿಂದೂ ಮದುವೆ ಆಗುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ನೀವು ತೆಗೆದ ಆ ಒಂದು ಫೋಟೋ ಯಾವತ್ತೋ ಯಾರ ಪರವಾಗಿಯೋ ಸಾಕ್ಷಿ ಹೇಳಬೇಕಾಗಿ ಬರಬಹುದು. ಆದ್ದರಿಂದ ಕಾಲು ಮಾತ್ರವಲ್ಲ, ಅದೇ ಚೌಕಟ್ಟಿನಲ್ಲಿ ಇಬ್ಬರ ಗುರುತು ಸಿಗುವಂತೆ ಇನ್ನೊಂದನ್ನೂ ತೆಗೆದಿಡಿ.

ಸಾಣೆಕಲ್ಲಿನ ಮೇಲೆ ಕಾಲಿಡಿಸಿ ಕಾಲುಂಗುರ ತೊಡಿಸುವುದು, ಭೂಮದೂಟ, ಉರುಟಣೆಯ ಆಟ, ಇವೆಲ್ಲ ಸಲೀಸು. ಅರುಂಧತಿ ದರ್ಶನ ಮಾತ್ರ ನನಗೆ ಪ್ರತಿ ಸಲವೂ ನಗು ತರಿಸುತ್ತದೆ. ಸಪ್ತರ್ಷಿ ಮಂಡಲದ ವಸಿಷ್ಠನ ಪಕ್ಕದ ಸಣ್ಣ ನಕ್ಷತ್ರವನ್ನು ಹನ್ನೊಂದು ಗಂಟೆಯ ಬಿಸಿಲಲ್ಲಿ, ಅದೂ ಕಾಂಕ್ರೀಟು ಚಾವಣಿಯ ಕೆಳಗೆ ತೋರಿಸುತ್ತಾರೆ. ಕಂಡಿತಾ ಎಂದರೆ ಹುಡುಗಿ ಕಂಡಿತು ಎನ್ನುತ್ತಾಳೆ. ತೋರಿಸುವ ಬೆರಳು, ಬೆರಳಿನಾಚೆ ಫ್ಯಾನು, ಇಬ್ಬರ ತಡೆದ ನಗು. ಒಳ್ಳೆಯ ಫೋಟೋ ಅದು, ಬಿಡಬೇಡಿ.

ಈವರೆಗೆ ಹೇಳಿದ್ದು ಒಂದು ರೀತಿಯ ಮದುವೆ. ಪೇಟೆಯಲ್ಲಿ ಎಲ್ಲ ರೀತಿಯವೂ ಇವೆ. ಲಿಂಗಾಯತರ ಮದುವೆಯಲ್ಲಿ ಸಾಮಾನ್ಯವಾಗಿ ಹೋಮ ಇರುವುದಿಲ್ಲ, ಪಂಚಕಳಶ ಹೂಡಿ ಜಂಗಮರು ನಡೆಸಿಕೊಡುತ್ತಾರೆ. ಕಳಶಗಳಿಗೆ ಸುತ್ತಿದ ದಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಕಾಲಿಗೆ ತೊಡರುತ್ತದೆ. ಕಾಟನ್‌ಪೇಟೆ ಕಡೆಯ ನಿಕಾಹ್‌ಗೆ ಕರೆದರೆ ಹೆಂಗಸರ ಕಡೆಗೆ ಗಂಡು ಫೋಟೋಗ್ರಾಫರ್‌ಗೆ ಪ್ರವೇಶ ಉಂಟೇ ಎಂದು ಮುಂಗಡ ಪಡೆಯುವ ಮುಂಚೆಯೇ ಕೇಳಿ. ಅಲ್ಲೂ ಮುಖ್ಯವಾದದ್ದು ಕೈಗಳೇ: ನಿಕಾಹ್‌ನಾಮೆಗೆ ಸಹಿ ಹಾಕುವ ಕೈ, ದುವಾಕ್ಕೆ ಎತ್ತಿದ ಕೈ. ನನ್ನ ಪಾಠ ಕೆಲಸಕ್ಕೆ ಬಾರದ ಒಂದು ಮದುವೆಯೂ ಇದೆ. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಅವರು ಹಾಗೆಯೇ ನಡೆಸಿದರು. ಅಲ್ಲಿ ಲಗ್ನದ ಆತುರವಿಲ್ಲ, ಹೋಮವಿಲ್ಲ, ಗಂಡು ಹೆಣ್ಣು ಪ್ರತಿಜ್ಞೆಯ ಮಾತುಗಳನ್ನು ಹೇಳುತ್ತಾರೆ. ಮಾತಿನಲ್ಲಿ ನಡೆಯುವ ಮದುವೆಗೆ ಮುಖವೇ ಬೇಕು. ಫ್ಲ್ಯಾಶ್ ಇಲ್ಲದೆ, ಸದ್ದು ಮಾಡದ ಷಟರ್ ಇಟ್ಟು, ಒಂದೇ ಕಡೆ ನಿಂತು ತೆಗೆಯಿರಿ.

ಗೊತ್ತೇ ಇಲ್ಲದ ಸಮುದಾಯದ ಮದುವೆಗೆ ಹೋಗಬೇಕಾಗಿ ಬಂದರೆ? ವಿದೇಶದಲ್ಲಿ ಈ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದು ನಿತ್ಯದ ಪ್ರಶ್ನೆ. ಅಮೆರಿಕದ ಮಿನ್ನೆಸೋಟ, ಕ್ಯಾಲಿಫೋರ್ನಿಯಾಗಳಲ್ಲಿ ಲಾವೋಸಿನಿಂದ 1975ರ ನಂತರ ಹೋಗಿ ನೆಲೆಸಿದ ಮಾಂಗ್ ಜನ ಬಹಳ. ಅವರ ಸಾಂಪ್ರದಾಯಿಕ ಮದುವೆಯಲ್ಲಿ ಎರಡೂ ಕಡೆಯ ಸಂಧಾನಕಾರರು ಮೇಜಿನ ಸುತ್ತ ಕೂತು ತೆರ, ಹಳೆಯ ಬಾಕಿ, ಮರ್ಯಾದೆಗಳನ್ನೆಲ್ಲ ಗಂಟೆಗಟ್ಟಲೆ ಮಾತಾಡಿ ಮುಗಿಸುತ್ತಾರೆ, ನಡುವೆ ಹಾಡುತ್ತಾರೆ, ಗಂಡು ಮತ್ತು ಅವನ ಜೊತೆಗಾರ ಹಿರಿಯರಿಗೆ ಮತ್ತೆ ಮತ್ತೆ ಮಂಡಿಯೂರಿ ನಮಸ್ಕರಿಸುತ್ತಾರೆ. ಪಟ್ಟೆ ಬಟ್ಟೆ ಸುತ್ತಿದ ಕಪ್ಪು ಕೊಡೆಯೊಂದು ಆರಂಭದಿಂದ ಕೊನೆಯವರೆಗೆ ಜೊತೆಗಿರುತ್ತದೆ. ಭಾಷೆ ಬಾರದ ಫೋಟೋಗ್ರಾಫರ್ ಆ ಕೊಡೆ ಹಿಡಿದವರನ್ನು ಬಿಡದೆ ಹಿಂಬಾಲಿಸಿದರೆ ಮದುವೆ ಅವನಿಗೆ ತಪ್ಪುವುದಿಲ್ಲ. ಕಾಶಿಯಾತ್ರೆಯ ಕೊಡೆ ನೋಡಿ ಬೆಳೆದವರಿಗೆ ಇದು ಹೊಸದೂ ಅನ್ನಿಸದು. ಯಾವ ಮದುವೆಯಲ್ಲೂ ನಡೆಸುವವರು ಒಬ್ಬರಿರುತ್ತಾರೆ. ನಮ್ಮಲ್ಲಿ ಪುರೋಹಿತರು, ಜಂಗಮರು, ಎಷ್ಟೋ ಮನೆಗಳಲ್ಲಿ ನಿಜವಾಗಿ ನಡೆಸುವುದು ದೊಡ್ಡತ್ತೆ. ಹಿಂದಿನ ದಿನವೇ ಅವರ ಹತ್ತಿರ ಹತ್ತು ನಿಮಿಷ ಕೂತು, ನಿಮ್ಮ ಮನೆಯಲ್ಲಿ ಏನು ಮೊದಲು ಏನು ಆಮೇಲೆ ಎಂದು ಕೇಳಿ ಬರೆದುಕೊಳ್ಳಿ. ನನ್ನ ಪಟ್ಟಿಗಿಂತ ಅವರದ್ದು ಸರಿ.

ನಡವಳಿಕೆಯ ಮಾತು ಸ್ವಲ್ಪ. ಚಪ್ಪಲಿ ಹೊರಗೆ. ಚರ್ಮದ ಬೆಲ್ಟು, ಚರ್ಮದ ಕ್ಯಾಮೆರಾ ಪಟ್ಟಿ ಮಡಿಯ ಮನೆಗಳಲ್ಲಿ ಆಗದು, ನೈಲಾನಿನದು ಹಾಕಿಕೊಳ್ಳಿ. ಹಸೆ ತುಳಿಯಬೇಡಿ, ಅಗ್ನಿಗೂ ದಂಪತಿಗೂ ನಡುವೆ ಹಾಯಬೇಡಿ. ಫೋಟೋಕ್ಕಾಗಿ ಶಾಸ್ತ್ರವನ್ನು ಇನ್ನೊಮ್ಮೆ ಮಾಡಿಸುವ ಕೆಟ್ಟ ಚಾಳಿ ಈಗ ಬಂದಿದೆ. ತಾಳಿ ಕಟ್ಟುವವನನ್ನು ತಡೆದು, ಸಾರ್ ಇಲ್ಲಿ ನೋಡಿ, ಎನ್ನುವವರಿದ್ದಾರೆ. ಅಂಥವರ ಹತ್ತಿರ ಕೆಲಸ ಕಲಿಯಬೇಡಿ.

ಯಾರು ಚೌಕಟ್ಟಿನಿಂದ ಹೊರಗಿದ್ದಾರೆ ಎಂದೂ ನೋಡಬೇಕು. ಗಂಡ ತೀರಿಹೋದ ತಾಯಿ ಕೆಲವು ಮನೆಗಳಲ್ಲಿ ಇವತ್ತಿಗೂ ಮಗಳ ಧಾರೆಯ ಹೊತ್ತಿಗೆ ಕಂಬದ ಹಿಂದೆ ನಿಲ್ಲುತ್ತಾಳೆ. ಅವಳನ್ನು ಮುಂದೆ ಕರೆಯುವ ಅಧಿಕಾರ ನಿಮಗಿಲ್ಲದಿರಬಹುದು, ಆದರೆ ಉದ್ದದ ಲೆನ್ಸು ಅಲ್ಲಿಯವರೆಗೂ ತಲುಪುತ್ತದೆ. ಮಗಳ ಆಲ್ಬಮ್ಮಿನಲ್ಲಿ ತಾಯಿಯ ಮುಖ ಇಲ್ಲದಿದ್ದರೆ ಅದು ಆಲ್ಬಮ್ಮೇ ಅಲ್ಲ. ಅಡುಗೆ ಭಟ್ಟರು, ಎಲೆ ತೆಗೆಯುವವರು, ಓಲಗದವರು, ಇವರನ್ನೂ ತೆಗೆಯಿರಿ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪುಬಿಳುಪು ಚಿತ್ರಗಳನ್ನು ಹುಡುಕಿ ನೋಡಿ. ಸಾಮಾನ್ಯ ಜನರನ್ನು, ಅವರು ತಮ್ಮ ಕೆಲಸದಲ್ಲಿ ಮುಳುಗಿರುವಾಗ, ಅವರ ಗೌರವಕ್ಕೆ ಕುಂದು ಬಾರದಂತೆ ಹೇಗೆ ತೆಗೆಯಬೇಕು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಅವರಿಗಿಂತ ದೊಡ್ಡ ಮೇಷ್ಟ್ರಿಲ್ಲ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಮದುವೆಯ ಫೋಟೋಗ್ರಾಫರ್ ಆಗಿರಲಿಲ್ಲ ಅವರು, ಇದ್ದಿದ್ದರೆ ನಮ್ಮ ಆಲ್ಬಮ್ಮುಗಳು ಬೇರೆಯೇ ಇರುತ್ತಿದ್ದವು.

ಹಳೆಯ ಸ್ಟುಡಿಯೋದವರಿಂದ ಕಲಿಯುವುದೂ ಉಂಟು. ಮೊಗ್ಗಿನ ಜಡೆ ಹಾಕಿದ ಹುಡುಗಿಯ ಹಿಂದೆ ನಿಲುವುಗನ್ನಡಿ ಇಟ್ಟು ಮುಖವನ್ನೂ ಜಡೆಯನ್ನೂ ಒಂದೇ ಫೋಟೋದಲ್ಲಿ ತರುತ್ತಿದ್ದರು. ಅಂಥ ಒಂದು ಫೋಟೋ ಇಲ್ಲದ ಹಳೆಯ ಮನೆ ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ ಅಪರೂಪ. ಇಂದಿಗೂ ಆ ಉಪಾಯ ಹಳಸಿಲ್ಲ. ಅವರ ರೋಲಿಗೆ ಇದ್ದದ್ದು 12 ಚಿತ್ರ, ಸಣ್ಣ ಫಿಲ್ಮಾದರೆ 36. ಹಾಗಾಗಿ ಯಾವ ಕೈ ಯಾವಾಗ ಏಳುತ್ತದೆ ಎಂದು ಅವರಿಗೆ ಬಾಯಿಪಾಠ ಇರುತ್ತಿತ್ತು. ಈಗ ಮೂರು ಸಾವಿರ ತೆಗೆದು ಆಮೇಲೆ ಆರಿಸುತ್ತೇವೆ. ಆರಿಸಲು ಕೂತಾಗ ಮೂರು ಸಾವಿರದಲ್ಲೂ ಸೇಸೆಯ ಒಂದೂ ಇಲ್ಲ ಎಂದು ತಿಳಿಯುತ್ತದೆ. ಕೆಲಸದ ಹಿಂದಿನ ರಾತ್ರಿ ಹನ್ನೆರಡೇ ಫೋಟೋ ತೆಗೆಯಲು ಅವಕಾಶವಿದ್ದರೆ ಯಾವುವು ಎಂದು ಕಾಗದದ ಮೇಲೆ ಬರೆಯಿರಿ. ಬೆಳಿಗ್ಗೆ ಅವನ್ನು ಮೊದಲು ಮುಗಿಸಿ, ಉಳಿದದ್ದು ಆಮೇಲೆ.

ಕತ್ತಲಲ್ಲಿ ಕೈ ಪಳಗಿಸಿಕೊಳ್ಳಲು ಚೈತ್ರದ ಹುಣ್ಣಿಮೆಗೆ ಕರಗಕ್ಕೆ ಹೋಗಿ. ನಗರ್ತಪೇಟೆಯ ಕಡೆಯ ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ಹೊರಟು ಪೇಟೆ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಬಂದು ಹೋಗುತ್ತದೆ. ಓಡುವ ಜನ, ಮಲ್ಲಿಗೆ, ಹೊಳೆಯುವ ಕತ್ತಿ, ನಿಲ್ಲದ ನಡಿಗೆ. ಅಲ್ಲಿ ಒಂದು ಸ್ಪಷ್ಟ ಫೋಟೋ ತೆಗೆದವರಿಗೆ ಛತ್ರದೊಳಗಿನ ಮುಹೂರ್ತ ಹೆದರಿಕೆ ಹುಟ್ಟಿಸುವುದಿಲ್ಲ.

ಫೋಟೋ ತಿದ್ದುವಾಗ ಎರಡು ಮಾತು ನೆನಪಿರಲಿ. ಹುಡುಗಿಯ ಮೈಬಣ್ಣ ಬೆಳ್ಳಗೆ ಮಾಡಬೇಡಿ, ಕೇಳಿದರೂ ಮಾಡಬೇಡಿ. ಇಪ್ಪತ್ತು ವರ್ಷದ ಮೇಲೆ ಅವಳ ಮಗಳು ನೋಡಿ ಇದು ಯಾರು ಎನ್ನಬಾರದು. ಕೆನ್ನೆಯ ದೃಷ್ಟಿಬೊಟ್ಟನ್ನು ಕಲೆ ಎಂದು ಅಳಿಸಬೇಡಿ. ಅಜ್ಜಿ ಇಟ್ಟದ್ದು ಅದು.

ಹಕ್ಕಿನ ವಿಷಯವೂ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆತನ ತೆಗೆಸಿದವರದು, ತೆಗೆದವರದಲ್ಲ. ನಿಮ್ಮ ಇನ್‌ಸ್ಟಾಗ್ರಾಮಿನಲ್ಲಿ ಹಾಕಿಕೊಳ್ಳುವ ಆಸೆ ಇದ್ದರೆ ಮುಂಗಡ ಪಡೆಯುವಾಗಲೇ ಬರೆಸಿಕೊಳ್ಳಿ. ಎಷ್ಟು ಫೋಟೋ, ಎಷ್ಟು ದಿನದಲ್ಲಿ, ಆಲ್ಬಮ್ಮು ಎಷ್ಟು ಹಾಳೆಯದು, ಎಲ್ಲವೂ ಒಂದು ಹಾಳೆಯಲ್ಲಿ ಇರಲಿ. ಛತ್ರದಿಂದ ಮನೆಗೆ ಬಂದ ರಾತ್ರಿಯೇ ಎರಡು ಬೇರೆ ಡಿಸ್ಕುಗಳಿಗೆ ಫೈಲು ನಕಲು ಮಾಡಿ, ಕಾರ್ಡು ಅಳಿಸುವುದು ಆಲ್ಬಮ್ಮು ಕೊಟ್ಟ ಮೇಲೆ.

ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಈ ಊರಿನ ಫೋಟೋಗ್ರಾಫರ್‌ಗಳಿಗೆ ಬಿಡುವಿನ ತಿಂಗಳು. ಕಲಿಯಬೇಕೆಂದಿರುವವರು ಆಗ ಬನ್ನಿ, ಯಾರಾದರೂ ಕೂತು ಹೇಳಿಕೊಡುತ್ತಾರೆ. ಶ್ರಾವಣದಲ್ಲಿ ಮದುವೆಗಳು ಮತ್ತೆ ಶುರುವಾದಾಗ ನಿಮ್ಮ ನೆಂಟರ ಒಂದು ಮದುವೆಗೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗಿ. ಬೆಳಿಗ್ಗೆ ಐದೂವರೆಯಿಂದ ಊಟದವರೆಗೆ ಹಸೆಯ ಪಕ್ಕದಲ್ಲಿ ನಿಂತು ಕೈಗಳನ್ನು ಮಾತ್ರ ನೋಡಿ. ಎರಡನೇ ಮದುವೆಗೆ ಕ್ಯಾಮೆರಾ ತೆಗೆದುಕೊಂಡು ಹೋಗಬಹುದು.